ಗುರುವಿನ ಧ್ರುವಪ್ರಭೆಯನ್ನು ಅವಕೆಂಪಿನಲ್ಲಿ ನೋಡುವುದೇಕೆ?

ಪ್ರಶ್ನೆ: ಜೇಮ್ಸ್ ವೆಬ್ ದೂರದರ್ಶಕ ತೆಗೆದ ಗುರು ಗ್ರಹದ ಚಿತ್ರದಲ್ಲಿ ಎರಡು ಧ್ರುವಗಳ ಮೇಲೂ ಕೆಂಪು ಹೊಳಪು ಕಾಣುತ್ತದೆ. ಅದು ಅವಕೆಂಪಿನಲ್ಲಿ (ಇನ್‌ಫ್ರಾರೆಡ್) ಸೆರೆಯಾದ ಧ್ರುವಪ್ರಭೆ, ಅಂದರೆ ಧ್ರುವಗಳ ಆಕಾಶದಲ್ಲಿ ಮೂಡುವ ಅರೋರಾ ಬೆಳಕು ಎಂದು ಓದಿದೆ. ಅವಕೆಂಪು ಎಂದರೆ ಶಾಖದ ಕಿರಣ ಎಂದು ನಾನೇ ಮಕ್ಕಳಿಗೆ ಪಾಠ ಹೇಳುತ್ತೇನೆ. ಹಾಗಾದರೆ ಗುರುವಿನ ಧ್ರುವಗಳು ಅಷ್ಟೊಂದು ಬಿಸಿಯಾಗಿವೆಯೇ? ಭೂಮಿಯ ಧ್ರುವಪ್ರಭೆ ಬರಿಗಣ್ಣಿಗೇ ಕಾಣುವಾಗ ಗುರುವಿನದಕ್ಕೆ ಅವಕೆಂಪು ಏಕೆ ಬೇಕು? ನಮ್ಮ ದೇಶದ ದೂರದರ್ಶಕಗಳಿಂದ ಅದನ್ನು ನೋಡಲು ಸಾಧ್ಯವೇ?

ಉತ್ತರ: ಮೊದಲು ಚಿತ್ರದ ಬಣ್ಣದ ವಿಷಯ. 2022ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಆ ಚಿತ್ರದಲ್ಲಿ ಕಾಣುವ ಬಣ್ಣಗಳೆಲ್ಲ ನಮ್ಮ ಅನುಕೂಲಕ್ಕಾಗಿ ಹಚ್ಚಿದವು. ನಮ್ಮ ಕಣ್ಣಿಗೆ ಸುಮಾರು 0.7 ಮೈಕ್ರೊಮೀಟರ್ ತರಂಗಾಂತರದ ಆಚೆಗೆ ಏನೂ ಕಾಣುವುದಿಲ್ಲ. ವೆಬ್‌ನ ಕ್ಯಾಮೆರಾ ಮೂರು ಬೇರೆ ಬೇರೆ ಸೋಸುಗಗಳ (ಫಿಲ್ಟರ್) ಮೂಲಕ ಅವಕೆಂಪು ಬೆಳಕನ್ನು ಹಿಡಿದಿತ್ತು, ಅವುಗಳಲ್ಲಿ ಅತಿ ಉದ್ದದ ತರಂಗಗಳಿಗೆ, ಅಂದರೆ 3.6 ಮೈಕ್ರೊಮೀಟರ್ ಸುತ್ತಲಿನ ಬೆಳಕಿಗೆ, ಕೆಂಪು ಬಣ್ಣವನ್ನು ಕೊಡಲಾಯಿತು. ಧ್ರುವಪ್ರಭೆ ಆ ಸೋಸುಗದಲ್ಲಿ ಎದ್ದು ಕಂಡದ್ದರಿಂದ ಚಿತ್ರದಲ್ಲಿ ಕೆಂಪಾಯಿತು, ಅಷ್ಟೆ. ಆ ಕೆಂಪಿಗೂ ಕಾದ ಕಬ್ಬಿಣದ ಕೆಂಪಿಗೂ ಸಂಬಂಧವಿಲ್ಲ.

ಇನ್ನು ಶಾಖದ ವಿಷಯ. ಅವಕೆಂಪು ಎಂದರೆ ಶಾಖ ಎಂಬುದು ಪಾಠಕ್ಕೆ ಅನುಕೂಲವಾದ ಮಾತು, ಆದರೆ ಅರ್ಧ ಮಾತು. ಒಲೆಯ ಮೇಲಿಂದ ಇಳಿಸಿದ ಕಾವಲಿ ಹೊರಸೂಸುವ ಅವಕೆಂಪು ಎಲ್ಲ ತರಂಗಾಂತರಗಳಲ್ಲೂ ಎಡೆಬಿಡದೆ ಹರಡಿರುತ್ತದೆ, ಅದರ ಪ್ರಮಾಣ ಕಾವಲಿಯ ಉಷ್ಣತೆಯನ್ನು ಅನುಸರಿಸುತ್ತದೆ. ಗುರುವಿನಲ್ಲೂ ಅಂಥ ಬೆಳಕಿದೆ: 5 ಮೈಕ್ರೊಮೀಟರ್ ಆಸುಪಾಸಿನಲ್ಲಿ ನೋಡಿದರೆ ಮೋಡಗಳ ಸಂದಿಯಿಂದ ಆಳದ ಕಾವು ಹೊರಗೆ ಬರುವುದು ಕಾಣುತ್ತದೆ. ಧ್ರುವಪ್ರಭೆಯ ಅವಕೆಂಪು ಅಂಥದಲ್ಲ. ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದ ಮೂಲಕ ನೋಡಿದರೆ ಅದು ಬಿಡಿಬಿಡಿಯಾದ, ಚೂಪಾದ ಗೆರೆಗಳಾಗಿ ಒಡೆದುಕೊಳ್ಳುತ್ತದೆ. ಗೆರೆಗಳಿವೆ ಎಂದರೆ ಅದು ಯಾವುದೋ ಒಂದು ನಿರ್ದಿಷ್ಟ ಅಣುವಿನ ಸಹಿ. ಆ ಅಣು ಇರುವ ಜಾಗ ನಿಜಕ್ಕೂ ಬಿಸಿಯೇ, ಸುಮಾರು 700ರಿಂದ 1000 ಕೆಲ್ವಿನ್ (ಕೆಲ್ವಿನ್‌ನಿಂದ 273 ಕಳೆದರೆ ಸೆಲ್ಸಿಯಸ್). ಆದರೆ ಅಲ್ಲಿಯ ಅನಿಲ ಎಷ್ಟು ವಿರಳವೆಂದರೆ ಕೈಯೊಡ್ಡಿದರೂ ಬಿಸಿ ತಾಗದು. ಅದೇ ಧ್ರುವದ ಮೋಡಗಳ ಮಟ್ಟಕ್ಕೆ ಇಳಿದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಎಷ್ಟೋ ಕೆಳಗಿನ ಚಳಿ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಧ್ರುವಗಳ ಮೇಲಿನ ವಾಯುಮಂಡಲದ ತುತ್ತತುದಿ ಬಿಸಿಯಾಗಿದೆ, ಧ್ರುವಗಳಲ್ಲ.

ಭೂಮಿಯ ಧ್ರುವಪ್ರಭೆಯ ಹಸಿರೂ ಕೆಂಪೂ ಮುಖ್ಯವಾಗಿ ಆಮ್ಲಜನಕದ ಪರಮಾಣುಗಳಿಂದ ಬರುತ್ತವೆ. 2024ರ ಮೇ ತಿಂಗಳಿನ ಸೌರ ಬಿರುಗಾಳಿಯ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ದಿಗಂತದ ಮೇಲೆ ಕಂಡ ಕೆಂಪು ಮಬ್ಬು ಅಂಥದೇ. ಗುರುವಿನ ಮೇಲುಪದರದಲ್ಲಿ ಆಮ್ಲಜನಕವಿಲ್ಲ; ಅಲ್ಲಿರುವುದು ಬಹುಪಾಲು ಜಲಜನಕ. ಜಲಜನಕವೂ ಕಣ್ಣಿಗೆ ಕಾಣುವ ಬೆಳಕನ್ನು ಸ್ವಲ್ಪ ಸೂಸುತ್ತದೆ. ಗೆಲಿಲಿಯೊ ನೌಕೆ 1990ರ ದಶಕದಲ್ಲಿ ಗುರುವಿನ ಕತ್ತಲೆಯ ಬದಿಗೆ ಹೋಗಿ ಅದರ ಚಿತ್ರವನ್ನೂ ತೆಗೆದಿತ್ತು. ತೊಡಕು ನಮ್ಮದು. ನಾವು ಸೂರ್ಯನ ಹತ್ತಿರ ಇದ್ದೇವೆ, ಗುರು ದೂರದಲ್ಲಿದೆ. ಹೀಗಾಗಿ ಭೂಮಿಯಿಂದ ನೋಡುವವರಿಗೆ ಗುರು ಯಾವಾಗಲೂ ಹೆಚ್ಚುಕಡಿಮೆ ಹುಣ್ಣಿಮೆಯ ಚಂದ್ರನಂತೆ ಪೂರ್ಣವಾಗಿ ಬೆಳಗಿರುತ್ತದೆ, ಅದರ ರಾತ್ರಿಯ ಬದಿ ನಮಗೆ ಎಂದೂ ಕಾಣಸಿಗುವುದಿಲ್ಲ. ಮೋಡಗಳ ಮೇಲೆ ಬಿದ್ದು ಮರಳುವ ಸೂರ್ಯನ ಬೆಳಕಿನಲ್ಲಿ ಧ್ರುವಪ್ರಭೆಯ ಮಂದ ಬೆಳಕು ನಡುಹಗಲಿನ ಮಿಣುಕುಹುಳದಂತೆ ಮರೆಯಾಗುತ್ತದೆ.

ಇಲ್ಲಿಯೇ ಅವಕೆಂಪಿನ ಉಪಕಾರ ಕಾಣುವುದು. ಗುರುವಿನ ಮೋಡಗಳ ಮೇಲಿನ ಪದರಗಳಲ್ಲಿ ಮೀಥೇನ್ ಅನಿಲವಿದೆ. ಅದು 3.3 ಮೈಕ್ರೊಮೀಟರ್ ಸುತ್ತಲಿನ ಬೆಳಕನ್ನು ಬಹಳ ಬಲವಾಗಿ ಹೀರಿಕೊಳ್ಳುತ್ತದೆ. ಆ ತರಂಗಾಂತರದ ಸೂರ್ಯನ ಬೆಳಕು ಕೆಳಗಿಳಿಯುವಾಗಲೇ ಮೀಥೇನ್ ಅದನ್ನು ನುಂಗಿಬಿಡುವುದರಿಂದ ಗ್ರಹದ ಬಿಂಬ ಬಹುಮಟ್ಟಿಗೆ ಕಪ್ಪಾಗಿ ಕಾಣುತ್ತದೆ. ಧ್ರುವಪ್ರಭೆ ಹುಟ್ಟುವುದಾದರೋ ಮೀಥೇನಿನ ಪದರಕ್ಕಿಂತ ಎತ್ತರದಲ್ಲಿ. ತನ್ನ ಮೇಲೆ ಹೀರುವ ಅನಿಲ ಯಾವುದೂ ಇಲ್ಲದೆ, ತನ್ನ ಹಿಂದೆ ಕಪ್ಪು ತೆರೆ ಕಟ್ಟಿಕೊಂಡು ಅದು ಹೊಳೆಯುತ್ತದೆ. ಹಾಡಹಗಲಿನಲ್ಲಿರುವ ಗ್ರಹದ ಮೇಲೆ ಅಮಾವಾಸ್ಯೆಯ ಇರುಳನ್ನು ಮೀಥೇನ್ ತಂದುಕೊಡುತ್ತದೆ ಎನ್ನಬಹುದು. ಇದಕ್ಕೆ ಇನ್ನೊಂದು ಅನುಕೂಲವೂ ಸೇರಿದೆ. ನೇರಳಾತೀತ ಬೆಳಕಿನಲ್ಲೂ ಗುರುವಿನ ಧ್ರುವಪ್ರಭೆ ಪ್ರಖರವಾಗಿದೆ, 1979ರಲ್ಲಿ ವಾಯೇಜರ್ ನೌಕೆಗಳು ಅದನ್ನು ಅಳೆದಿದ್ದವು. ಆದರೆ ಆ ಬೆಳಕು ನಮ್ಮ ವಾಯುಮಂಡಲವನ್ನು ದಾಟಿ ನೆಲಕ್ಕೆ ಬರುವುದಿಲ್ಲ, ಹಬಲ್‌ನಂಥ ಬಾಹ್ಯಾಕಾಶ ದೂರದರ್ಶಕವೇ ಬೇಕು. 3ರಿಂದ 4 ಮೈಕ್ರೊಮೀಟರ್ ನಡುವಿನ ಅವಕೆಂಪಿನ ಬಹುಪಾಲು ನೆಲಕ್ಕೆ ಬರುತ್ತದೆ, ಗಾಳಿಯಲ್ಲಿ ನೀರಾವಿ ಕಡಿಮೆ ಇರಬೇಕು ಅಷ್ಟೆ. ಹವಾಯಿಯ ಮೌನಾ ಕೆಯಾ ಶಿಖರ ಸುಮಾರು 4200 ಮೀಟರ್ ಎತ್ತರದಲ್ಲಿದ್ದು ಒಣ ಗಾಳಿಯನ್ನು ಹೊಂದಿರುವುದರಿಂದ ಈ ಕ್ಷೇತ್ರದ ಕೆಲಸ ಹೆಚ್ಚಾಗಿ ಅಲ್ಲಿಯೇ ನಡೆದಿದೆ.

ನಿಮ್ಮ ಕೊನೆಯ ಪ್ರಶ್ನೆಗೆ ಇಲ್ಲಿಯೇ ಉತ್ತರಿಸಿಬಿಡುತ್ತೇನೆ. ಹವ್ಯಾಸಿಗಳ ದೂರದರ್ಶಕದಿಂದ ಇದು ಆಗದು, ಏಕೆಂದರೆ ಸಾಮಾನ್ಯ ಕ್ಯಾಮೆರಾಗಳ ಸಿಲಿಕಾನ್ ಸಂವೇದಕ ಸುಮಾರು 1.1 ಮೈಕ್ರೊಮೀಟರ್ ದಾಟಿದರೆ ಕುರುಡು. ಉತ್ತರಾಖಂಡದ ದೇವಸ್ಥಲದಲ್ಲಿರುವ 3.6 ಮೀಟರ್ ದೂರದರ್ಶಕಕ್ಕೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿಕೊಟ್ಟ ಟಿರ್‌ಕ್ಯಾಮ್-2 ಎಂಬ ಅವಕೆಂಪು ಕ್ಯಾಮೆರಾ 3.7 ಮೈಕ್ರೊಮೀಟರ್‌ವರೆಗೆ ನೋಡಬಲ್ಲದು. ನಾವು ಮಾತನಾಡುತ್ತಿರುವ ಬೆಳಕು ಅದರ ವ್ಯಾಪ್ತಿಯೊಳಗೇ ಬರುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯಲ್ಲಿ ಕುಳಿತು ನಡೆಸುವ ಹಾನ್ಲೆಯ, ವಿಜ್ಞಾನಿ ಚಂದ್ರಶೇಖರ್ ಹೆಸರಿನ 2 ಮೀಟರ್ ಚಂದ್ರ ದೂರದರ್ಶಕದ ಅವಕೆಂಪು ರೋಹಿತದರ್ಶಕ 2.5 ಮೈಕ್ರೊಮೀಟರ್‌ಗೆ ನಿಲ್ಲುತ್ತದೆ. ಅಲ್ಲಿಯೂ ಧ್ರುವಪ್ರಭೆಯ ಗೆರೆಗಳು ಇವೆ, ಆದರೆ ಹೆಚ್ಚು ಮಂದ. ಆ ಮಂದ ಗೆರೆಗಳಿಂದಲೇ ಈ ಕಥೆ ಶುರುವಾದದ್ದು.

1988ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಪಿಯರ್ ದ್ರೊಸಾರ್ ಮತ್ತು ಸಂಗಡಿಗರು ಮೌನಾ ಕೆಯಾದ ಕೆನಡಾ–ಫ್ರಾನ್ಸ್–ಹವಾಯಿ ದೂರದರ್ಶಕದಿಂದ ಗುರುವಿನ ಧ್ರುವವನ್ನು 2 ಮೈಕ್ರೊಮೀಟರ್ ಸುತ್ತ ಪರಿಶೀಲಿಸುತ್ತಿದ್ದಾಗ, ಜಲಜನಕದ ಅಣುವಿಗೆ ಸೇರದ ಒಂದು ಗುಂಪು ಗೆರೆಗಳು ಕಂಡವು. ಅಮೆರಿಕದ ಲಾರೆನ್ಸ್ ಟ್ರಾಫ್ಟನ್ ತಂಡಕ್ಕೂ ಅಂಥ ಗುರುತಿಸಲಾಗದ ಗೆರೆಗಳು ಸಿಕ್ಕಿದ್ದವು. ಅವು ಯಾರ ಸಹಿ ಎಂಬುದು ಕೆನಡಾದ ಜೇಮ್ಸ್ ವಾಟ್ಸನ್ ಅವರ ನೆರವಿನಿಂದ ಗೊತ್ತಾಯಿತು, 1989ರಲ್ಲಿ ಪ್ರಕಟವೂ ಆಯಿತು: ಎಚ್-ತ್ರೀ-ಪ್ಲಸ್ ಎಂಬ ಅಯಾನು (ವಿದ್ಯುದಾವೇಶವುಳ್ಳ ಕಣ), ಅಂದರೆ ಮೂರು ಪ್ರೋಟಾನುಗಳನ್ನು ಎರಡೇ ಎಲೆಕ್ಟ್ರಾನುಗಳು ಸಮಬಾಹು ತ್ರಿಕೋನವಾಗಿ ಹಿಡಿದಿಟ್ಟಿರುವ ಕಣ. ಜೆ. ಜೆ. ಥಾಮ್ಸನ್ ಅದನ್ನು 1911ರಲ್ಲಿಯೇ ಪ್ರಯೋಗಶಾಲೆಯಲ್ಲಿ ಕಂಡಿದ್ದರು. ಆದರೆ ಅದರ ಅವಕೆಂಪು ರೋಹಿತವನ್ನು ಅಳೆಯಲು 1980ರವರೆಗೆ ಕಾಯಬೇಕಾಯಿತು, ತಕೇಶಿ ಓಕಾ ಅವರ ವರ್ಷಗಟ್ಟಲೆಯ ತಾಳ್ಮೆ ಬೇಕಾಯಿತು. ಭೂಮಿಯ ಹೊರಗೆ ಈ ಅಯಾನು ಮೊದಲು ಸಿಕ್ಕಿದ್ದು ಗುರುವಿನ ಮೇಲೆ. ನಕ್ಷತ್ರಗಳ ನಡುವಿನ ಮೋಡಗಳಲ್ಲಿ ಅದು ಪತ್ತೆಯಾದದ್ದು ಆನಂತರ, 1996ರಲ್ಲಿ. ಪ್ರಯೋಗಶಾಲೆಯ ಗಾಜಿನ ಕೊಳವೆಯಲ್ಲಿ ಅಳೆದ ಗೆರೆಗಳೇ ಕೋಟ್ಯಂತರ ಕಿಲೋಮೀಟರ್ ಆಚೆಯ ಧ್ರುವದಿಂದಲೂ ಬಂದವು ಎಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಈ ಅಯಾನು ಹುಟ್ಟುವ ಬಗೆ ಸರಳ. ಕಾಂತಕ್ಷೇತ್ರದ ಗೆರೆಗಳ ಗುಂಟ ವೇಗವಾಗಿ ಇಳಿದುಬರುವ ಎಲೆಕ್ಟ್ರಾನು ಜಲಜನಕದ ಅಣುವಿಗೆ ಬಡಿದು ಅದರ ಒಂದು ಎಲೆಕ್ಟ್ರಾನನ್ನು ಕಿತ್ತುಹಾಕುತ್ತದೆ. ಹಾಗೆ ಅಯಾನಾದ ಅಣು ಪಕ್ಕದ ಇನ್ನೊಂದು ಜಲಜನಕದ ಅಣುವನ್ನು ಸಂಧಿಸಿದ ಕೂಡಲೇ ಎಚ್-ತ್ರೀ-ಪ್ಲಸ್ ಹುಟ್ಟುತ್ತದೆ, ಒಂದು ಜಲಜನಕದ ಪರಮಾಣು ಬಿಡುಗಡೆಯಾಗುತ್ತದೆ. ಹುಟ್ಟಿದ ಅಯಾನು ಸುತ್ತಲಿನ ಅನಿಲಕ್ಕೆ ಡಿಕ್ಕಿ ಹೊಡೆಯುತ್ತ ಅದರ ಉಷ್ಣತೆಗೆ ಹೊಂದಿಕೊಳ್ಳುತ್ತದೆ, ಆ ಡಿಕ್ಕಿಗಳಿಂದ ಕಂಪಿಸಿ 3ರಿಂದ 5 ಮೈಕ್ರೊಮೀಟರ್ ನಡುವೆ ಬೆಳಕು ಸೂಸುತ್ತದೆ. ಕೊನೆಗೆ ಯಾವುದೋ ಬಿಡಿ ಎಲೆಕ್ಟ್ರಾನನ್ನು ಕೂಡಿಕೊಂಡು ಒಡೆದುಹೋಗುತ್ತದೆ; ಕೆಳಗೆ ಮೀಥೇನಿನ ಪದರದಲ್ಲಿ ಹುಟ್ಟಿದ್ದಾದರೆ ತನ್ನ ಪ್ರೋಟಾನನ್ನು ಮೀಥೇನಿಗೆ ಒಪ್ಪಿಸಿ ಇನ್ನೂ ಬೇಗ ಇಲ್ಲವಾಗುತ್ತದೆ.

ಈಗ ನಾನು ಮುಖ್ಯವೆಂದು ಭಾವಿಸುವ ವಿಷಯಕ್ಕೆ ಬರುತ್ತೇನೆ. ಧ್ರುವಪ್ರಭೆಯ ನೇರಳಾತೀತ ಚಿತ್ರವನ್ನೂ ಅವಕೆಂಪು ಚಿತ್ರವನ್ನೂ ಒಂದೇ ದೃಶ್ಯದ ಎರಡು ಪ್ರತಿಗಳೆಂದು ತಿಳಿಯುವುದು ರೂಢಿ. ಅವು ಹಾಗಲ್ಲ. ನೇರಳಾತೀತ ಬೆಳಕು ಎಲೆಕ್ಟ್ರಾನು ಬಡಿದ ಕ್ಷಣದಲ್ಲೇ ಹೊಮ್ಮುತ್ತದೆ. ಮೇಲಿಂದ ಎಷ್ಟು ಶಕ್ತಿ ಸುರಿಯುತ್ತಿದೆ ಎಂಬುದನ್ನು ಅದು ಹೇಳುತ್ತದೆ. ಅವಕೆಂಪು ಬೆಳಕು ಬಡಿತದ ಬೆಳಕಲ್ಲ, ಬಡಿತದ ನಂತರ ಹುಟ್ಟಿ ಸುತ್ತಲಿನ ಕಾವನ್ನು ಮೈಗೂಡಿಸಿಕೊಂಡ ಅಯಾನಿನ ಬೆಳಕು. ಒಲೆಯ ಉರಿ ಕ್ಷಣಕ್ಕೊಮ್ಮೆ ಏರಿ ಇಳಿಯುತ್ತದೆ, ಕಾವಲಿ ತಡವಾಗಿ ಕಾದು ತಡವಾಗಿ ಆರುತ್ತದೆ. ನೇರಳಾತೀತದಲ್ಲಿ ಉರಿಯನ್ನು ನೋಡುತ್ತೇವೆ, ಅವಕೆಂಪಿನಲ್ಲಿ ಕಾವಲಿಯನ್ನು. ಬಂದ ಶಕ್ತಿಯನ್ನು ಗ್ರಹದ ವಾಯುಮಂಡಲ ಏನು ಮಾಡಿತು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಕಾವಲಿಯನ್ನೇ ಮುಟ್ಟಿ ನೋಡಬೇಕು.

ಮುಟ್ಟಿ ನೋಡುವ ಉಪಾಯ ರೋಹಿತದ ಗೆರೆಗಳಲ್ಲಿಯೇ ಇದೆ. ಅನಿಲ ಹೆಚ್ಚು ಬಿಸಿಯಾದಂತೆ ಕೆಲವು ಗೆರೆಗಳು ಉಳಿದವಕ್ಕಿಂತ ಬೇಗ ಪ್ರಖರವಾಗುತ್ತವೆ. ಎರಡು ಗೆರೆಗಳ ಪ್ರಖರತೆಯ ಅನುಪಾತದಿಂದ ಉಷ್ಣತೆ ದೊರೆಯುತ್ತದೆ. ಉಷ್ಣತೆ ತಿಳಿದ ಮೇಲೆ ಒಟ್ಟು ಪ್ರಖರತೆಯಿಂದ ಅಯಾನುಗಳ ಸಂಖ್ಯೆ ದೊರೆಯುತ್ತದೆ. ಗೆರೆಯೊಂದು ತನ್ನ ಜಾಗದಿಂದ ಎಷ್ಟು ಸರಿದಿದೆ ಎಂಬುದನ್ನು ಡಾಪ್ಲರ್ ನಿಯಮದಂತೆ ಲೆಕ್ಕ ಹಾಕಿದರೆ ಅಯಾನುಗಳ ಗಾಳಿ ಯಾವ ದಿಕ್ಕಿಗೆ, ಎಷ್ಟು ವೇಗವಾಗಿ ಬೀಸುತ್ತಿದೆ ಎಂಬುದೂ ದೊರೆಯುತ್ತದೆ. 1990ರ ದಶಕದ ಕೊನೆಯಲ್ಲಿ ಇದೇ ವಿಧಾನದಿಂದ, ಧ್ರುವವನ್ನು ಸುತ್ತುವರಿದ ಧ್ರುವಪ್ರಭೆಯ ಉಂಗುರದ ಉದ್ದಕ್ಕೂ ಗ್ರಹದ ತಿರುಗುವಿಕೆಗೆ ವಿರುದ್ಧವಾಗಿ ಹರಿಯುವ ಅಯಾನುಗಳ ಪ್ರವಾಹ ಪತ್ತೆಯಾಯಿತು.

ಆ ಉಷ್ಣತಾಮಾಪಕ ಒಂದು ಹಳೆಯ ಒಗಟಿಗೂ ಉತ್ತರ ಕೊಟ್ಟಿತು. ಗುರುವಿಗೆ ಸಿಗುವ ಬಿಸಿಲು ಭೂಮಿಯದರ ಸುಮಾರು 27ರಲ್ಲಿ ಒಂದು ಪಾಲು. ಬಿಸಿಲೊಂದನ್ನೇ ನಂಬಿ ಲೆಕ್ಕ ಹಾಕಿದರೆ ಅದರ ಮೇಲುವಾಯುಮಂಡಲ ಸುಮಾರು 200 ಕೆಲ್ವಿನ್ ಇರಬೇಕಿತ್ತು. ಆದರೆ 1995ರ ಡಿಸೆಂಬರ್ 7ರಂದು ಗೆಲಿಲಿಯೊ ನೌಕೆಯ ಶೋಧಕ ಸಮಭಾಜಕದ ಬಳಿ ಇಳಿದಾಗ ಅಳೆದದ್ದು ಸುಮಾರು 900 ಕೆಲ್ವಿನ್. ಶಾಖ ಎಲ್ಲಿಂದ? ಧ್ರುವಪ್ರಭೆಯಿಂದ ಎಂದು ಹೇಳುವುದು ಸುಲಭವಿತ್ತು, ಆದರೆ ಅತಿವೇಗವಾಗಿ ತಿರುಗುವ ಗ್ರಹದಲ್ಲಿ ಗಾಳಿಗಳು ಪೂರ್ವ–ಪಶ್ಚಿಮವಾಗಿ ಬಾಗುವುದರಿಂದ ಧ್ರುವದ ಶಾಖ ಧ್ರುವದಲ್ಲಿಯೇ ಸಿಲುಕಬೇಕು ಎಂದು ಮಾದರಿಗಳು ಹೇಳುತ್ತಿದ್ದವು. ಜೇಮ್ಸ್ ಓ'ಡೊನೊಹ್ಯೂ ಮತ್ತು ಸಂಗಡಿಗರು 2016ರ ಏಪ್ರಿಲ್ ಮತ್ತು 2017ರ ಜನವರಿಯಲ್ಲಿ ಮೌನಾ ಕೆಯಾದ ಕೆಕ್ ದೂರದರ್ಶಕದಿಂದ ಎಚ್-ತ್ರೀ-ಪ್ಲಸ್ ಗೆರೆಗಳನ್ನು ಗ್ರಹದ ಇಡೀ ಬಿಂಬದ ಮೇಲೆ ಅಳೆದು ಉಷ್ಣತೆಯ ನಕಾಶೆಯನ್ನು ಬರೆದರು, 2021ರಲ್ಲಿ ಪ್ರಕಟಿಸಿದರು. ಧ್ರುವಗಳ ಸುಮಾರು 1000 ಕೆಲ್ವಿನ್‌ನಿಂದ ಸಮಭಾಜಕದ ಸುಮಾರು 600 ಕೆಲ್ವಿನ್‌ವರೆಗೆ ಉಷ್ಣತೆ ಮೆಟ್ಟಿಲಿಲ್ಲದೆ, ಇಳಿಜಾರಿನಂತೆ ಇಳಿಯುತ್ತಿತ್ತು. ಶಾಖದ ಮೂಲ ಧ್ರುವದಲ್ಲಿದೆ, ಅದು ಅಲ್ಲಿ ಸಿಲುಕದೆ ಹರಡುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. 2017ರ ಜನವರಿಯ ರಾತ್ರಿಯಂತೂ ಧ್ರುವಪ್ರಭೆಯಿಂದ ಬೇರ್ಪಟ್ಟು ಸಮಭಾಜಕದ ಕಡೆಗೆ ಸಾಗುತ್ತಿದ್ದ ಒಂದು ಬಿಸಿ ಪಟ್ಟಿಯೇ ಸಿಕ್ಕಿತು.

ಈ ಅಯಾನು ಉಷ್ಣತೆಯನ್ನು ತಿಳಿಸುವುದಷ್ಟೇ ಅಲ್ಲ, ತಗ್ಗಿಸುತ್ತದೆ ಕೂಡ. ಜಲಜನಕದ ಅಣುವೂ ಹೀಲಿಯಮ್ಮೂ ಅವಕೆಂಪನ್ನು ಸುಲಭವಾಗಿ ಸೂಸಲಾರವು. ಎಚ್-ತ್ರೀ-ಪ್ಲಸ್ ಸೂಸುತ್ತದೆ, ಸುತ್ತಲಿನ ಅನಿಲದಿಂದ ಶಾಖ ಪಡೆದು ಬಾಹ್ಯಾಕಾಶಕ್ಕೆ ಚೆಲ್ಲುತ್ತದೆ. ನಾವು ದೂರದರ್ಶಕದಲ್ಲಿ ನೋಡುವ ಹೊಳಪೇ ಗುರು ತನ್ನ ನೆತ್ತಿಯನ್ನು ತಣಿಸಿಕೊಳ್ಳುವ ಕ್ರಿಯೆ.

ಇಷ್ಟು ಶಕ್ತಿಯನ್ನು ಸುರಿಯುವವರು ಯಾರು? ಭೂಮಿಯಲ್ಲಿ ಅದು ಸೌರಮಾರುತ, ಅಂದರೆ ಸೂರ್ಯನಿಂದ ಹೊಮ್ಮುವ ಕಣಗಳ ಪ್ರವಾಹ. ಗುರುವಿನಲ್ಲಿ ಸೌರಮಾರುತದ ಪಾತ್ರವಿದ್ದರೂ ಧ್ರುವಪ್ರಭೆಯ ಮುಖ್ಯ ಉಂಗುರಕ್ಕೆ ಶಕ್ತಿ ಬರುವುದು ಗ್ರಹದ ತಿರುಗುವಿಕೆಯಿಂದಲೇ. ಅಯೋ ಉಪಗ್ರಹದ ಜ್ವಾಲಾಮುಖಿಗಳು ಉಗುಳಿದ ಅನಿಲದಲ್ಲಿ ಸೆಕೆಂಡಿಗೆ ಸುಮಾರು ಒಂದು ಟನ್ ಗುರುವಿನ ಕಾಂತಗೋಳಕ್ಕೆ (ಅದರ ಕಾಂತಕ್ಷೇತ್ರ ಆವರಿಸಿದ ವಲಯಕ್ಕೆ) ಸೇರಿ ಅಯಾನುಗಳಾಗುತ್ತದೆ. ಹತ್ತು ಗಂಟೆಗೂ ಕಡಿಮೆ ಹೊತ್ತಿನಲ್ಲಿ ಒಂದು ಸುತ್ತು ಮುಗಿಸುವ ಗುರು ತನ್ನ ಕಾಂತಕ್ಷೇತ್ರದ ಮೂಲಕ ಆ ದ್ರವ್ಯವನ್ನೂ ಜೊತೆಗೆ ಎಳೆದು ತಿರುಗಿಸಬೇಕು. ಹೊರಹೊರಗೆ ಸರಿದಂತೆ ದ್ರವ್ಯ ಹಿಂದೆ ಬೀಳುತ್ತದೆ. ಅದನ್ನು ಎಳೆಯಲು ಬೇಕಾದ ಬಲ ಕಾಂತಗೆರೆಗಳ ಗುಂಟ ಹರಿಯುವ ವಿದ್ಯುತ್ ಪ್ರವಾಹಗಳಾಗಿ ಧ್ರುವಕ್ಕೆ ಇಳಿಯುತ್ತದೆ. ಚಿತ್ರ ಇಷ್ಟು ಅಚ್ಚುಕಟ್ಟಾಗಿಲ್ಲ ಎಂಬುದನ್ನು ಜೂನೊ ನೌಕೆಯ ಅಳತೆಗಳು ತೋರಿಸಿವೆ, ಎಲೆಕ್ಟ್ರಾನುಗಳಿಗೆ ವೇಗ ಕೊಡುವುದರಲ್ಲಿ ಅಲೆಗಳ ಪಾಲೂ ದೊಡ್ಡದು. ಆದರೂ ಶಕ್ತಿಯ ಕಣಜ ಗ್ರಹದ ತಿರುಗುವಿಕೆಯೇ.

ಅಯೋ ತನ್ನ ಗುರುತನ್ನು ಧ್ರುವದ ಮೇಲೆ ನೇರವಾಗಿಯೂ ಒತ್ತುತ್ತದೆ. ಗುರುವಿನ ಕಾಂತಕ್ಷೇತ್ರದೊಂದಿಗೆ ತಿರುಗುವ ಅಯಾನುಗಳು ಅಯೋವನ್ನು ಸೆಕೆಂಡಿಗೆ ಸುಮಾರು 57 ಕಿಲೋಮೀಟರ್ ವೇಗದಲ್ಲಿ ಹಾದುಹೋಗುತ್ತವೆ, ಆ ಅಡಚಣೆ ಅಲೆಯಾಗಿ ಕಾಂತಗೆರೆಯನ್ನು ಹಿಡಿದು ಇಳಿದು ಮುಖ್ಯ ಉಂಗುರದ ಹೊರಗೆ ಒಂದು ಚುಕ್ಕೆಯನ್ನು ಬೆಳಗುತ್ತದೆ. ಈ ಹೆಜ್ಜೆಗುರುತು ಮೊದಲು ಕಂಡದ್ದು ಅವಕೆಂಪಿನಲ್ಲಿಯೇ. ಜ್ಯಾಕ್ ಕಾನರ್ನಿ ಮತ್ತು ಸಂಗಡಿಗರು ಮೌನಾ ಕೆಯಾದ ನಾಸಾ ಅವಕೆಂಪು ದೂರದರ್ಶಕದಿಂದ ಅದನ್ನು ಹಿಡಿದು 1993ರಲ್ಲಿ ಪ್ರಕಟಿಸಿದರು. ಹಬಲ್ ನೇರಳಾತೀತದಲ್ಲಿ ಅದನ್ನು ತೋರಿಸಿದ್ದು ಆಮೇಲೆ.

ಭೂಮಿಯಿಂದ ನೋಡುವವರಿಗೆ ಒಂದು ಕೊರತೆ ಉಳಿದೇ ಇತ್ತು. ಗುರುವಿನ ಅಕ್ಷ ಕೇವಲ 3 ಡಿಗ್ರಿಯಷ್ಟು ವಾಲಿರುವುದರಿಂದ ಅದರ ಧ್ರುವ ಯಾವ ಋತುವಿನಲ್ಲೂ ನಮ್ಮ ಕಡೆಗೆ ಬಾಗುವುದಿಲ್ಲ. ಧ್ರುವಪ್ರಭೆಯ ಉಂಗುರ ಯಾವಾಗಲೂ ಓರೆಯಾಗಿ, ಅಂಚಿನಲ್ಲಿ ಮಾತ್ರ ಕಾಣುತ್ತದೆ. 2016ರ ಜುಲೈನಲ್ಲಿ ಗುರುವನ್ನು ಸೇರಿದ ಜೂನೊ ಧ್ರುವಗಳ ಮೇಲೆಯೇ ಹಾದುಹೋಗುವ ಕಕ್ಷೆಯಲ್ಲಿತ್ತು, ಅದರಲ್ಲಿ ಇಟಲಿ ಕಟ್ಟಿಕೊಟ್ಟ ಜಿರಾಮ್ ಎಂಬ ಅವಕೆಂಪು ಉಪಕರಣವಿತ್ತು. ಅದೇ ಆಗಸ್ಟ್ 27ರ ಮೊದಲ ಸಮೀಪ ಹಾಯುವಿಕೆಯಲ್ಲಿ ದಕ್ಷಿಣ ಧ್ರುವಪ್ರಭೆ ಇಡಿಯಾಗಿ ಕಂಡಿತು. ಜಿರಾಮ್ ಹತ್ತಿರದಿಂದ ತೆಗೆದ ಚಿತ್ರಗಳಲ್ಲಿ ಅಯೋದ ಹೆಜ್ಜೆಗುರುತು ಒಂದು ಚುಕ್ಕೆಯಾಗಿರಲಿಲ್ಲ. ಹೊಳೆಯ ನಡುವಿನ ಬಂಡೆಯ ಹಿಂದೆ ಎಡಕ್ಕೊಂದು ಬಲಕ್ಕೊಂದು ಸುಳಿ ಏಳುವಂತೆ, ಅದರ ಬಾಲದ ಉದ್ದಕ್ಕೂ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು ಪರ್ಯಾಯವಾಗಿ ಸಾಲುಗಟ್ಟಿದ್ದವು. ಇನ್ನೊಂದು ಉಪಗ್ರಹ ಗ್ಯಾನಿಮೀಡಿನ ಹೆಜ್ಜೆಗುರುತು ಜೋಡಿಯಾಗಿತ್ತು. 2018ರಲ್ಲಿ ಪ್ರಕಟವಾದ ಆ ಚಿತ್ರಗಳನ್ನು ನಿಮ್ಮ ವಿದ್ಯಾರ್ಥಿಗಳಿಗೆ ಖಂಡಿತ ತೋರಿಸಿ.

ಉಳಿದ ದೈತ್ಯ ಗ್ರಹಗಳ ಬಗ್ಗೆ ಎರಡು ಮಾತು ಸಾಕು. ಶನಿ ಮತ್ತು ಯುರೇನಸ್‌ಗಳಲ್ಲಿ ಎಚ್-ತ್ರೀ-ಪ್ಲಸ್ 1993ರ ವೇಳೆಗೇ ಸಿಕ್ಕಿತು. ನೆಪ್ಚೂನ್ ಮಾತ್ರ ಮೂವತ್ತು ವರ್ಷ ಕೈಗೆ ಸಿಗಲಿಲ್ಲ. 2023ರ ಜೂನ್‌ನಲ್ಲಿ ವೆಬ್ ಅದನ್ನು ಕಂಡಾಗ ಕಾರಣವೂ ತಿಳಿಯಿತು: 1989ರಲ್ಲಿ ವಾಯೇಜರ್ ಹಾದುಹೋದ ನಂತರ ನೆಪ್ಚೂನಿನ ಮೇಲುವಾಯುಮಂಡಲ ನೂರಾರು ಡಿಗ್ರಿಗಳಷ್ಟು ತಣ್ಣಗಾಗಿತ್ತು. ಅಯಾನು ಇದ್ದರೂ ಸುತ್ತಲಿನ ಅನಿಲ ತಣ್ಣಗಿದ್ದರೆ ಅದು ಹೊಳೆಯದು.

ಗುರುವಿನ ಮೇಲಿನ ಹೊಸ ಕೆಲಸ 2023ರ ಡಿಸೆಂಬರ್ 25ರದು. ಜೊನಾಥನ್ ನಿಕೋಲ್ಸ್ ಅವರ ತಂಡ ಅಂದು ವೆಬ್ ಮತ್ತು ಹಬಲ್ ಎರಡನ್ನೂ ಒಟ್ಟಿಗೆ ಗುರುವಿನತ್ತ ತಿರುಗಿಸಿತ್ತು. ಅವಕೆಂಪು ಹೊಳಪು ಹದಿನೈದು ನಿಮಿಷಕ್ಕೊಮ್ಮೆ ನಿಧಾನವಾಗಿ ಬದಲಾಗುತ್ತದೆಂದು ಅವರು ನಿರೀಕ್ಷಿಸಿದ್ದರು. ಅದು ಕೆಲವೊಮ್ಮೆ ಸೆಕೆಂಡುಗಳಲ್ಲಿಯೇ ಏರಿಳಿಯುತ್ತಿತ್ತು. ಅದರಿಂದ ಈ ಅಯಾನಿನ ಆಯುಸ್ಸು ಸುಮಾರು 150 ಸೆಕೆಂಡು ಎಂದು ಅವರು ಲೆಕ್ಕ ಹಾಕಿದರು. ಕಾವಲಿ ನಾವು ತಿಳಿದದ್ದಕ್ಕಿಂತ ತೆಳುವಾಗಿದೆ ಎನ್ನೋಣ. ಇನ್ನೊಂದು ಸಂಗತಿ ನನ್ನ ಹೋಲಿಕೆಗೇ ಸವಾಲಾಗಿದೆ: ವೆಬ್‌ಗೆ ಅತ್ಯಂತ ಪ್ರಖರವಾಗಿ ಕಂಡ ಕೆಲವು ತುಣುಕುಗಳ ಜಾಗದಲ್ಲಿ ಹಬಲ್‌ಗೆ ಅದಕ್ಕೆ ತಕ್ಕ ಹೊಳಪು ಕಾಣಲಿಲ್ಲ. ಉರಿಯೇ ಇಲ್ಲದ ಕಡೆ ಕಾವಲಿ ಕಾದಿತ್ತು. ಬಹಳ ಕಡಿಮೆ ಶಕ್ತಿಯ ಕಣಗಳು ಬಹಳ ದೊಡ್ಡ ಸಂಖ್ಯೆಯಲ್ಲಿ ಬಂದು ಬಿದ್ದರೆ ಮಾತ್ರ ಹಾಗಾಗಬಲ್ಲದು, ಅಂಥ ಸುರಿಮಳೆ ಸಾಧ್ಯವಿಲ್ಲವೆಂದೇ ಅದುವರೆಗೆ ಎಣಿಸಲಾಗಿತ್ತು. 2025ರ ಮೇ ತಿಂಗಳಿನಲ್ಲಿ ಪ್ರಕಟವಾದ ಆ ವರದಿಯ ಮುಂದಿನ ಹೆಜ್ಜೆ, ವೆಬ್ ದೂರದಿಂದ ಕಂಡದ್ದನ್ನು ಜೂನೊ ಹತ್ತಿರದಿಂದ ಅಳೆದದ್ದರೊಂದಿಗೆ ಹೋಲಿಸಿ ನೋಡುವುದು.